ಸೀಮೆ ಗಿಡವೂ ನಮ್ಮ ಮನೆಯ ಅಹಿಂಸೆಯೂ

ಅಹಿಂಸೆ ಪಾಲಿಸುವುದು ಅಂಥ ಕಷ್ಟವೇನಲ್ಲ. ಗಿಡ ಮಾತ್ರ ಬೆಳೆಸಬಾರದು. ನಾನು ಚನ್ನರಾಯಪಟ್ಟಣದಲ್ಲಿ ಸ್ಕೂಲ್ ಮೇಷ್ಟರು, ಹುಟ್ಟಿನಿಂದ ಜೈನ. ನಮ್ಮ ತಾತ ಸೊಳ್ಳೆ ಕಚ್ಚಿದರೆ ಅದರ ಊಟ ಮುಗಿಯುವವರೆಗೆ ಅಲುಗಾಡುತ್ತಿರಲಿಲ್ಲ. ಅಂಥ ವಂಶದ ನನ್ನ ಕೈಗೆ, ಹಾಸನದಿಂದ ಬಂದ ಸ್ಕೂಲ್ ಇನ್‌ಸ್ಪೆಕ್ಟರ್ ಸಾಹೇಬರು ಯ್ಯಾರೋ ಎಂಬ ಸೀಮೆ ಗಿಡದ ಸಸಿಯೊಂದನ್ನು ಕೊಟ್ಟು, "ಮುಂದಿನ ಸಲ ಬಂದಾಗ ಹೂ ತೋರಿಸ್ಬೇಕು ಮೇಷ್ಟ್ರೇ" ಎಂದರು. ನನ್ನನ್ನು ಅರಕಲಗೂಡಿಗೆ ವರ್ಗ ಮಾಡುವ ಯೋಚನೆ ಅವರಿಗಿದೆಯೆಂದು ಸುದ್ದಿ ಹಬ್ಬಿತ್ತು. ಈ ಊರು, ಈ ಮನೆ, ಜಗಲಿಯ ಮೇಲಿನ ಸಂಜೆಗಾಳಿ ಬಿಟ್ಟು ಹೋಗಲು ನನಗೆ ಸುತರಾಂ ಇಷ್ಟವಿರಲಿಲ್ಲ. ಹೂ ಬಿಟ್ಟರೆ ಇಲ್ಲಿ, ಬಿಡದಿದ್ದರೆ ಅಲ್ಲಿ ಎಂದು ನಾನೇ ತೀರ್ಮಾನಿಸಿಕೊಂಡೆ.

ಗಿಡ ಸಬ್ಬಸಿಗೆ ಸೊಪ್ಪಿನ ಹಾಗೆ ನವಿರಾಗಿ ಚಿಗುರಿತು. ಹಿಂದೆಯೇ ಹುಳುಗಳೂ ಬಂದವು. ಪಕ್ಕದ ಮನೆಯ ಅಂಗಡಿ ನಂಜಪ್ಪನವರು ಗೋಡೆಯಾಚೆಯಿಂದ, "ಒಸಿ ಬೂದಿ ಎರಚಿ ಸಾ, ಸತ್ತೋಯ್ತವೆ" ಎಂದರು. ಅದನ್ನು ಕೇಳಿಸಿಕೊಂಡ ನನ್ನ ಹೆಂಡತಿ ಪದ್ಮಾವತಿ ಒಲೆಯ ಬೂದಿಯನ್ನೆಲ್ಲ ಬಳಿದು ದೂರದ ತಿಪ್ಪೆಗೆ ಸುರಿದು ಬಂದಳು.

ಆಗ ನನಗೊಂದು ಉಪಾಯ ಹೊಳೆಯಿತು. ನಾನು ಕೊಲ್ಲಬಾರದು, ಸರಿ. ಗೊರವಂಕಗಳಿಗೆ ಯಾವ ವ್ರತ? ದಿನಾ ಬೆಳಿಗ್ಗೆ ಗಿಡದ ಬುಡದಲ್ಲಿ ಅಕ್ಕಿ ಚೆಲ್ಲತೊಡಗಿದೆ. ಅಕ್ಕಿಗೆ ಬಂದ ಹಕ್ಕಿ ಹುಳುವನ್ನು ಬಿಟ್ಟೀತೇ? "ಹಕ್ಕಿಗೆ ಕಾಳು ಹಾಕ್ತಿದೀರಾ! ಈಗ್ಲಾದ್ರೂ ಬುದ್ಧಿ ಬಂತಲ್ಲ" ಎಂದು ಪದ್ಮಾವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೊರವಂಕಗಳು ಬಂದವು, ಹೊಟ್ಟೆ ಬಿರಿಯ ಅಕ್ಕಿ ತಿಂದವು, ಹುಳುಗಳತ್ತ ತಿರುಗಿಯೂ ನೋಡಲಿಲ್ಲ. ಸಾಲದ್ದಕ್ಕೆ ಉಳಿದ ಎಲೆಗಳನ್ನೂ ಕಿತ್ತು, ನಮ್ಮದೇ ಸೂರಿನಲ್ಲಿದ್ದ ಗೂಡಿಗೆ ಮೆತ್ತಗೆ ಹಾಸಿಕೊಂಡವು.

ಇನ್‌ಸ್ಪೆಕ್ಟರ್ ಬಂದಾಗ ಪಾತಿಯಲ್ಲಿ ನಾಲ್ಕು ಕಡ್ಡಿ ನಿಂತಿದ್ದವು. ಅರಕಲಗೂಡು ನನ್ನ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಪದ್ಮಾವತಿ ಬಾಗಿಲ ಮರೆಯಿಂದ, "ಗಿಡಾನ ಹುಳಗಳಿಗೆ ಬಿಟ್ಕೊಟ್ರು, ಹಕ್ಕಿಗಳಿಗೆ ದಿನಾ ಅಕ್ಕಿ ಹಾಕಿದ್ರು. ಇವರಷ್ಟು ಕರುಣೆ ನನಗೂ ಇಲ್ಲ" ಎಂದಳು. ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಇಂಥವರನ್ನ ಈ ಸ್ಕೂಲಿನ ಮಕ್ಕಳಿಂದ ದೂರ ಮಾಡ್ಬಾರದು" ಎಂದರು. ವರ್ಗ ನಿಂತಿತು. ಅಂದು ಜಗಲಿಯ ಗಾಳಿ ಎಷ್ಟು ಹಿತವಾಗಿತ್ತೆಂದು ಹೇಳಲಾರೆ.

ಈಗ ಊರಿನಲ್ಲಿ ನನಗೆ ಬಹಳ ಮರ್ಯಾದೆ. ನಿನ್ನೆ ನಂಜಪ್ಪನವರು ತಮ್ಮ ಅವರೆಗಿಡದ ಹುಳುಗಳನ್ನೆಲ್ಲ ಒಂದೊಂದಾಗಿ ಆರಿಸಿ, ಮುತ್ತುಗದ ಎಲೆಯಲ್ಲಿ ತಂದು, "ನಿಮ್ಮನ್ನ ನೋಡ್ದ್ ಮ್ಯಾಲೆ ಕೊಲ್ಲಕ್ಕೆ ಮನಸ್ ಬರ್ನಿಲ್ಲ ಸಾ. ನಿಮ್ಮತ್ರ ಸುಕವಾಗಿರ್ತವೆ" ಎಂದು ಭಕ್ತಿಯಿಂದ ಕೊಟ್ಟರು. ಎರಡೂ ಕೈ ಚಾಚಿ ತೆಗೆದುಕೊಂಡೆ. ಅವು ತಿನ್ನಲು ಗಿಡ ಬೇಕೆಂದು ಪದ್ಮಾವತಿ ಆಗಲೇ ಬಿತ್ತನೆಗೆ ಅವರೆಬೀಜ ನೆನೆಹಾಕಿದ್ದಾಳೆ. ಪಾತಿ ಅಗೆಯುತ್ತಿರುವವನು ನಾನು.