ಗಾಡಿ ಎಲ್ಲಿಗೆ ಬಂತ್ರಿ?

ಲಾರಿ ಆಫೀಸಿನ್ಯಾಗ ಕೂತಾಕಿಗೆ ನಗೋ ಸಲುವಾಗಿ ಬೇರೆ ಕಡೆ ಹೋಗೋ ಗರಜ ಇಲ್ಲ. ದಿನಾ ಒಂದಿಲ್ಲೊಂದು ನಡದ ನಡೀತದ. ತ್ರಾಸ ಏನಂದ್ರ, ನಡಿಯುವಾಗ ನಗು ಬರಂಗಿಲ್ಲ, ತಲಿನೋವು ಬರ್ತದ. ನಗು ಬರಾಕ ಒಂದೆರಡು ವರ್ಷ ಹಿಡೀತದ.

ಶಹಾಪುರದಾಗ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನ್ಯಾಗ ಒಂಬತ್ತು ವರ್ಷದಿಂದ ಅದೀನಿ. ಎರಡು ಫೋನು, ಒಂದು ಕಂಪ್ಯೂಟರ್ ಇಟ್ಕೊಂಡು ಹನ್ನೊಂದು ಲಾರಿ ಸಂಭಾಳಸ್ತೀನಿ. ಯಾವ ಗಾಡಿ ಎಲ್ಲಿ ತುಂಬಬೇಕು, ಎಲ್ಲಿ ಇಳಸಬೇಕು, ವಾಪಸ್ ಬರುವಾಗ ಏನು ಲೋಡ್ ಹಿಡೀಬೇಕು, ಎಲ್ಲಾ ನನ್ನ ತಲಿಮ್ಯಾಲೆ. ಮಾಲ್ ಕಳಸೋರಿಗೆ ನಾವು ಪಾರ್ಟಿ ಅಂತೀವಿ. ಪಾರ್ಟಿ ಕೇಳೋದು ಒಂದ ಮಾತು, "ಗಾಡಿ ಎಲ್ಲಿಗೆ ಬಂತ್ರಿ?" ಊಟಾ ಮಾಡಿಯೇನವಾ ಅಂತ ಈ ಒಂಬತ್ತು ವರ್ಷದಾಗ ಒಬ್ಬರೂ ಕೇಳಿಲ್ಲ.

ಈ ಕೆಲಸದ ಚಾಳಿಯಿಂದ ಮೊನ್ನೆ ಒಂದು ಹುಡುಗಿಯ ನಿಶ್ಚಯ ಮುರದು ಬೀಳೋದಿತ್ತು. ಹುಡುಗಿ ನಮ್ಮ ಹಿರೇ ಡ್ರೈವರ್ ಮಗಳು, ದೇವಾಪುರದಾಕಿ. ಡ್ರೈವರಿಗೆ ನಾ ಕಾಕಾ ಅಂತೀನಿ. ಹುಡುಗ ಯಾದಗಿರಿ ಬ್ಯಾಳಿ ಮಿಲ್ಲಿನ ಗುಮಾಸ್ತರ ಮಗ, ಹತ್ತಿಕುಣಿಯಾವ. ಸಂಬಂಧ ಕುದುರಿಸಿದಾಕಿ ನಾನ. ಹಿಂಗಾಗಿ ಮೊದಲ ಈ ಇಬ್ಬರು ಅಪ್ಪಂದಿರು ಎಂಥಾ ಮಂದಿ ಅಂತ ಹೇಳಿಬಿಡ್ತೀನಿ.

ಕಾಕಾನ ಲೆಕ್ಕ

ನಮ್ಮ ಧಂಧೆದಾಗ ಒಂದು ಪದ್ಧತಿ ಅದ. ಡ್ರೈವರ್ ಯಾವತ್ತೂ ತಾನಿದ್ದ ಊರು ಹೇಳಂಗಿಲ್ಲ, ಮುಂದಿನ ಊರು ಹೇಳ್ತಾನ. ಸೊಲ್ಲಾಪುರ ದಾಟೇನಿ ಅಂದ್ರ ಇನ್ನ ಪುಣೆ ಕಡೆ ಚಾ ಕುಡೀಯಾಕತ್ತಾನ ಅಂತ ತಿಳ್ಕೋಬೇಕು. ನಾ ಒಂದು ಊರು ಕಳೀತೀನಿ. ಪಾರ್ಟಿಗೆ ಹೇಳುವಾಗ ಕಳದಿದ್ದನ್ನ ಮತ್ತ ಕೂಡಸ್ತೀನಿ, ಇಲ್ಲಂದ್ರ ಅವರು ನನ್ನ ಜೀವಾ ತಿಂತಾರ.

ಆಮ್ಯಾಲೆ ಮಾಲೀಕರು ಎಲ್ಲಾ ಗಾಡಿಗೆ ಜಿಪಿಎಸ್ ಹಾಕಿಸಿದ್ರು. ಇನ್ನ ನನಗ ಆರಾಮ ಅಂತ ತಿಳದಿದ್ದೆ. ಒಂದಿನ ಕಾಕಾನ ಗಾಡಿ ಒಂದು ಢಾಬಾದ ಮುಂದ ನಾಲ್ಕು ತಾಸಿನಿಂದ ನಿಂತದ್ದು ಕಂಡಿತು. ಫೋನ್ ಹಚ್ಚಿದ್ರ, ಘಾಟ್ ಇಳಿಯಾಕತ್ತೇನಿ ಅಂದ. ಕಾಕಾ, ಇಲ್ಲಿ ಕಂಪ್ಯೂಟರಿನ್ಯಾಗ ಢಾಬಾ ಕಾಣಾಕತ್ತದ ಅಂದೆ. ಕಾಕಾ ಭಾಳ ಸಮಾಧಾನದಿಂದ ಹೇಳಿದ.

"ಮಷೀನ್ ಹಿಂದ ಬರಾಕತ್ತದ ಅಕ್ಕಾರ. ನಾ ಮುಂದ ಬಂದೇನಿ."

ರಿಪೇರಿ

ಇನ್ನೊಮ್ಮೆ ರಾಜಸ್ಥಾನದಿಂದ ಕಾಕಾನ ಫೋನ್. ಹದಿನೈದು ದಿನದಿಂದ ಬರೇ ಗೋಧಿ ರೊಟ್ಟಿ ತಿಂದು ಹೊಟ್ಟಿ ಕಲ್ಲಾಗ್ಯಾದ, ಜ್ವಾಳದ ರೊಟ್ಟಿ ಸಿಗೋತನಾ ವಾಪಸ್ ಲೋಡ್ ಹಿಡಿಯಂಗಿಲ್ಲ ಅಂದ. ಸಿಟ್ಟು ಮಾಡಿದೆ, ಬೈದೆ, ಕಡೀಕ ನಾನ ಸೋತೆ. ನಮ್ಮದ ಇನ್ನೊಂದು ಗಾಡಿ ಅದ ಹಾದಿ ಹಿಡಿದು ಎದುರಿಗೆ ಹೊಂಟಿತ್ತು, ಅದರಾಗ ಜ್ವಾಳದ ಹಿಟ್ಟಿತ್ತು. ಇಬ್ಬರಿಗೂ ಒಂದು ಪೆಟ್ರೋಲ್ ಬಂಕ್ ಹೇಳಿ ಅಲ್ಲಿ ಭೇಟಿ ಮಾಡಿಸಿದೆ.

ಹಿಟ್ಟು ಇಸ್ಕೊಂಡು ಹೊಂಡ್ತಾನ ಅಂದ್ಕೊಂಡಿದ್ದೆ. ಇಬ್ಬರೂ ಒಲಿ ಹೂಡಿ, ರೊಟ್ಟಿ ಬಡದು, ಉಂಡು ಮಲಗಿಬಿಟ್ರು. ಎರಡೂ ಗಾಡಿ ಆರು ತಾಸು ನಿಂತವು. ಬ್ಯಾಳಿ ಮಿಲ್ಲಿನ ಗುಮಾಸ್ತರ ಮಾಲ್ ಆ ಎರಡನೇ ಗಾಡ್ಯಾಗ ಇತ್ತು. ಗಾಡಿ ಎಲ್ಲಿಗೆ ಬಂತ್ರಿ ಅಂತ ಅವರ ಫೋನ್ ಬಂತು. ಇಂಜಿನ್ ರಿಪೇರಿ ನಡದದ್ರಿ ಅಂದೆ. ನಾ ಅಂದು ಬಾಯಿ ಮುಚ್ಚೋದರಾಗ ಕಾಕಾ ರೊಟ್ಟಿಯ ಫೋಟೋ ಕಳಸಿದ, ಅದೂ ಪಾರ್ಟಿಯೋರೆಲ್ಲಾ ಇರೋ ವಾಟ್ಸಾಪ್ ಗ್ರೂಪಿಗೆ. ನನಗ ಭೂಮಿ ಬಾಯಿ ಬಿಡಬಾರದೇನು ಅನಸ್ತು. ಗುಮಾಸ್ತರು ಎರಡು ನಿಮಿಷಕ್ಕ ಉತ್ತರಾ ಬರದ್ರು.

"ರಿಪೇರಿ ಚೊಲೋ ಆಗ್ಯಾದ. ಹಚ್ಕೊಳ್ಳಾಕ ಶೇಂಗಾ ಹಿಂಡಿ ಇತ್ತೇನು?"

ಅವತ್ತ ನನಗ ಈ ಮನುಷ್ಯಾ ಮನಸಿಗೆ ಬಂದ. ಮಾರಿ ನೋಡಿಲ್ಲ, ಬರೇ ಧ್ವನಿ ಗೊತ್ತು. ಆದರೂ ಮುಂದ ಅವರ ಮಗನಿಗೆ ಹೆಣ್ಣು ಹುಡಕಾಕತ್ತಾರ ಅಂತ ಗೊತ್ತಾದಾಗ ಕಾಕಾನ ಮಗಳ ಮಾತು ತಗದೆ.

ನಿಶ್ಚಯದ ದಿನ

ಕಾಕಾನ ಮಗಳಿಗೆ ಹಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ಕಡ್ಯಾವರು ಮನಿಗೆ ಬಂದಾಗ ಅಪ್ಪ ಲಾರಿ ಮ್ಯಾಲಿದ್ದ. ಅಪ್ಪ ಇಲ್ಲದ ಮನ್ಯಾಗ ಏನು ಮಾತಾಡೋದು ಅಂತ ಚಾ ಸುದ್ದ ಕುಡೀಲಾರದ ಹೋದ್ರಂತ, ಮತ್ತ ಬರಲೇ ಇಲ್ಲ. ಹಿಂಗಾಗಿ ಈ ಸಲ ಕಾಕಾ ಗುಜರಾತಿಗೆ ಹೊಂಡುವಾಗ ನನ್ನ ಮುಂದ ಕೈ ಜೋಡಿಸಿ ನಿಂತ. ಈ ಸಲಾನೂ ನಾ ಇರಲಿಲ್ಲಂದ್ರ ಮಗಳು ನನ್ನ ಮಾರಿ ನೋಡಂಗಿಲ್ಲ ಅಕ್ಕಾರ ಅಂದ. ಅಷ್ಟು ದೊಡ್ಡ ಮನುಷ್ಯಾನ ಕಣ್ಣಾಗ ನೀರು ನೋಡಿ ನನಗ ಭಾಳ ಕೆಟ್ಟನಸ್ತು. ಕರಕೊಂಡು ಬರೋ ಜವಾಬ್ದಾರಿ ನಂದು ಅಂದುಬಿಟ್ಟೆ.

ಮುಹೂರ್ತ ಮಧ್ಯಾಹ್ನ ಒಂದರ ಒಳಗ. ವಾಪಸ್ ಲೋಡ್ ಸೊಲ್ಲಾಪುರದಾಗ ಇಳಿಸಿ ಕಾಕಾ ಖಾಲಿ ಗಾಡಿ ಹೊಡಕೊಂಡು ಬರಾಕತ್ತಿದ್ದ. ಮುಂಜಾನೆ ಎಂಟಕ್ಕ ಗುಮಾಸ್ತರ ಫೋನ್. ಬೀಗರು ಎಲ್ಲಿಗೆ ಬಂದಾರ್ರಿ ಅಂತ ಕೇಳಿದ್ರು. ನಾ ಕಂಪ್ಯೂಟರ್ ನೋಡಿದೆ, ಗಾಡಿ ಸಿಂದಗಿ ದಾಟಿತ್ತು. ಎರಡು ತಾಸಿನ್ಯಾಗ ಮನಿ ಮುಟ್ತಾರ, ನೀವು ಹೊಂಡ್ರಿ ಅಂದೆ. ದೇವರಾಣಿ, ಕೂಡಸಲಿಲ್ಲ, ಕಳೀಲಿಲ್ಲ.

ಹತ್ತಕ್ಕ ಬರೋಬರಿ ಕಾಕಾ ಮನಿ ಮುಟ್ಟಿದ. ಜಳಕಾ ಮಾಡಿ, ಹೊಸಾ ಧೋತ್ರ ಉಟ್ಕೊಂಡು, ಜಮಖಾನಿ ಮ್ಯಾಲೆ ಕೂತು ಫೋನ್ ಮಾಡಿದ, ಬೀಗರು ಎಲ್ಲಿಗೆ ಬಂದ್ರು ಅಕ್ಕಾರ ಅಂತ. ನಾ ಗುಮಾಸ್ತರಿಗೆ ಹಚ್ಚಿದೆ. ಜೀಪ್ ಹತ್ತಿ ಯಾದಗಿರಿ ದಾಟೇವ್ರಿ ಅಂದ್ರು. ಅವರ ಹಿಂದ ಯಾರೋ ತಂಬಿಗಿಲೇ ಮೈಮ್ಯಾಲೆ ನೀರು ಸುರಕೊಳ್ಳೋ ಸಪ್ಪಳ. ಒಬ್ಬಾಕಿ ಟವೆಲ್ ಎಲ್ಲಿಟ್ಟೀರಿ ಅಂತ ಕೇಳಾಕತ್ತಿದ್ದಳು.

ಜೀಪಿನ್ಯಾಗ ಜಳಕಾ ಯಾರು ಮಾಡಾಕತ್ತಾರ್ರಿ ಅಂತ ಕೇಳಿದೆ. ಗುಮಾಸ್ತರು ಖರೇ ಹೇಳಿದ್ರು.

"ಮೇಡಂ, ಒಂಬತ್ತು ವರ್ಷದಾಗ ನಿಮ್ಮ ಎರಡು ತಾಸು ಒಮ್ಮೆರ ಆರು ತಾಸಿನ ಒಳಗ ಮುಗದದ ಏನ್ರಿ? ಅದಕ್ಕ ಉಂಡ ಹೊಂಡೋಣ ಅಂತಿದ್ವಿ."

ಯಾರಿಗೆ ಬೈಲಿ? ತಪ್ಪು ನಂದ. ಹುಟ್ಟಿದಾಗಿಂದ ಒಂದ ಸಲ ಖರೇ ಹೇಳೇನಿ, ಅದೂ ಹುಡುಗಿ ನಸೀಬಿಗೆ ಕುತ್ತಾತಲ್ಲ ಅಂತ ಅಳು ಬಂತು. ಕಾಕಾ ಈಗಾಗಲೇ ಮನ್ಯಾಗ ಕೂತಾನ, ಕೈ ಮುಗೀತೀನಿ, ಈಗಿಂದೀಗ ಹೊಂಡ್ರಿ ಅಂದೆ. ಪಾಪ, ಒದ್ದಿ ತಲೀಲೆ ಜೀಪ್ ಹತ್ತಿದ್ರು.

ಹನ್ನೆರಡರ ಸುಮಾರಿಗೆ ಜೀಪ್ ಶಹಾಪುರಕ್ಕ ಬಂತು. ಆಫೀಸಿಗೆ ಕೀಲಿ ಹಾಕಿ ನಾನೂ ಹತ್ತಿದೆ. ಗುಮಾಸ್ತರನ್ನ ಮೊದಲ ಸಲ ನೋಡಿದ್ದು ಅವತ್ತ, ಧ್ವನಿಗೆ ಹೋಲಿಸಿದ್ರ ಭಾಳ ಸಣ್ಣ ಮನುಷ್ಯಾ. ಅಷ್ಟರಾಗ ಕಾಕಾನ ಫೋನ್. ನಿಶ್ಚಯ ಮಾಡಿಸೋ ಸ್ವಾಮಿಗಳು ಹೊಂಡ್ತೀನಿ ಅನ್ನಾಕತ್ತಾರ, ಮಗಳು ಒಳಗ ಕದಾ ಹಾಕ್ಕೊಂಡಾಳ, ಎಲ್ಲಿಗೆ ಬಂದೀರಿ ಅಂದ. ಶಹಾಪುರ ಅನ್ನಬೇಕಂತನ ಬಾಯಿ ತಗದೆ.

"ಸುರಪುರ ದಾಟೇವಿ ಕಾಕಾ."

"ಅಂದ್ರ ಇನ್ನ ಶಹಾಪುರದಾಗ ಅದೀರಿ," ಅಂದು ಕಾಕಾ ಫೋನ್ ಇಟ್ಟ.

ಒಂದಕ್ಕ ಹತ್ತು ನಿಮಿಷ ಇರುವಾಗ ದೇವಾಪುರ ಮುಟ್ಟಿದ್ವಿ. ಕಾಕಾ ಕಾಲಿಗೆ ನೀರು ಹಿಡ್ಕೊಂಡು ಬಾಗಲಾಗ ನಿಂತಿದ್ದ. ಗುಮಾಸ್ತರು ನಾಚಿಕೀಲೆ ಮಾರಿ ಎತ್ತಲಿಲ್ಲ, ತಡಾ ಆತ್ರಿ ಬೀಗರ, ಹಾದ್ಯಾಗ ಪಂಚರ್ ಆತು ಅಂದ್ರು. ಕಾಕಾ ತಂಬಿಗಿ ಕೆಳಗಿಟ್ಟ. ಸೀದಾ ಹೋಗಿ ಜೀಪಿನ ಸುತ್ತ ಒಂದು ಸುತ್ತು ಹಾಕಿ, ನಾಲ್ಕೂ ಟಯರ್ ಬಗ್ಗಿ ನೋಡಿ, ಸ್ಟೆಪ್ನಿಗೂ ಕೈ ಹಚ್ಚಿ ವಾಪಸ್ ಬಂದ. ಒಂದಕ್ಕೂ ಪಂಚರಿನ ಗುರುತಿರಲಿಲ್ಲ. ಕಾಕಾ ಗುಮಾಸ್ತರನ್ನ ಗಟ್ಟ್ಯಾಗಿ ಅಪ್ಪಿಕೊಂಡ. ಆಮ್ಯಾಲೆ ಒಳಗ ಕದದ ಹಿಂದಿದ್ದ ಮಗಳಿಗೆ ಕೇಳೋಹಂಗ ಕೂಗಿ ಹೇಳಿದ.

"ಹೊರಗ ಬಾ ಯವ್ವಾ, ಹೆದರಬ್ಯಾಡ. ನಮ್ಮಂಥಾ ಮಂದಿನ ಸಿಕ್ಕಾರ!"