ಮುರುಗಮಲ್ಲದ ಜರ್ಮನ್ ಕೊಳವೆ

ಚಿಂತಾಮಣಿಯಲ್ಲಿ ಕನ್ನಡಕದ ಅಂಗಡಿ ಇಟ್ಟವನು ಬರೀ ಕನ್ನಡಕ ರಿಪೇರಿ ಮಾಡಿಕೊಂಡು ನೆಮ್ಮದಿಯಾಗಿ ಇರಬಹುದು ಅಂದುಕೊಂಡರೆ ಅದು ಅವನ ಭ್ರಮೆ. ಗಾಜು ಇರೋದೆಲ್ಲ ನನ್ನ ತಲೆಗೇ ಬರುತ್ತೆ. ಈ ಸಲ ಬಂದದ್ದು ಮುರುಗಮಲ್ಲದಿಂದ, ಒಂದು ಉದ್ದನೆಯ ಕೊಳವೆ. ಹಳೇ ಜರ್ಮನ್ ಸೇನೆಯ ರೇಂಜ್‌ಫೈಂಡರ್. ಎರಡು ತುದಿಗೂ ಗಾಜಿನ ಕಿಟಕಿ, ನಡುವೆ ಕಣ್ಣಿಡುವ ಜಾಗ. ನಿಂತಲ್ಲೇ ದೂರ ಅಳೆಯೋ ಯಂತ್ರ.

ಮಿಲಿಟರಿ ವರ್ಕ್‌ಶಾಪಿನಲ್ಲಿದ್ದವರೊಬ್ಬರು ಯಾವುದೋ ಹರಾಜಿನಲ್ಲಿ ತಂದಿದ್ದರಂತೆ. ಅವರು ತೀರಿಕೊಂಡ ಮೇಲೆ ಬಿಡಿಭಾಗಗಳು ದಿಕ್ಕಾಪಾಲು.

"ಬೇಟಾ, ಇದರಲ್ಲಿ ಅವ್ರು ನಂಗೆ ದರ್ಗಾ ಗುಮ್ಮಟ ತೋರಿಸ್ತಿದ್ರು. ಇನ್ನೊಂದ್ಸಲ ನೋಡ್ಬೇಕು" ಅಂದರು ಅವರ ಹೆಂಡತಿ, ವಯಸ್ಸಾದ ಅಮ್ಮ.

ಪಕ್ಕದಲ್ಲಿದ್ದ ಮಗ, "ಶುಕ್ರವಾರದೊಳಗೆ ಸರಿಯಾಗಿ ಕಾಣದಿದ್ರೆ ಗುಜರಿಗೆ ಹಾಕ್ತೀನಿ" ಅಂದ. ನನಗೆ ಮೈಯೆಲ್ಲ ಉರಿಯಿತು. ಒಪ್ಪಿಕೊಂಡುಬಿಟ್ಟೆ.

ಹಣೆಯ ರಬ್ಬರು

ಕಣ್ಣಿಡುವ ಜಾಗದ ಮೇಲೆ ಹಣೆ ಆನಿಸಲು ಒಂದು ದಪ್ಪ ರಬ್ಬರ್ ಪಟ್ಟಿ ಇರಬೇಕು. ಮುರುಗಮಲ್ಲಕ್ಕೆ ಹೋಗಿ ಅಮ್ಮನ ಮನೆಯೆಲ್ಲ ಹುಡುಕಿದರೂ ಇಲ್ಲ. ಕೊನೆಗೆ ಸಿಕ್ಕಿದ್ದು ಅಡುಗೆಮನೆಯಲ್ಲಿ, ಮಿಕ್ಸಿ ಕೆಳಗೆ.

"ಅದು ತೆಗೆದ್ರೆ ಮಿಕ್ಸಿ ಕುಣಿಯುತ್ತಲ್ಲಾ!" ಅಂದಳು ಸೊಸೆ.

ಬೇರೆ ರಬ್ಬರು ತಂದುಕೊಟ್ಟು ಬಿಡಿಸಿಕೊಂಡೆ. ತೊಳೆದು ಕೂರಿಸಿ ಹಣೆ ಇಟ್ಟರೆ, ಶತ್ರು ಎಷ್ಟು ದೂರದಲ್ಲಿದ್ದಾನೋ ಗೊತ್ತಾಗಲಿಲ್ಲ, ಶುಂಠಿ ಬೆಳ್ಳುಳ್ಳಿ ಮಾತ್ರ ಮೂಗಿನ ಹತ್ತಿರವೇ ಇತ್ತು.

ಬಿಳಿ ಕೋಲು

ಯಂತ್ರ ಸರಿಯಾಗಿ ಅಳೆಯುತ್ತಾ ಅಂತ ಪರೀಕ್ಷೆ ಮಾಡೋಕೆ ಜೊತೆಗೊಂದು ಬಿಳಿ ಕೋಲು ಬರುತ್ತೆ, ಎರಡೂ ತುದಿಯಲ್ಲಿ ಗುರುತು. ಮಗ ಅದನ್ನು ದಿಬ್ಬೂರಹಳ್ಳಿಯ ಸ್ನೇಹಿತನಿಗೆ ಕೊಟ್ಟಿದ್ದ. ಹೋದೆ. ರೇಷ್ಮೆ ಹುಳುವಿನ ಮನೆ ಬಾಗಿಲಲ್ಲೇ ಆತ ತಡೆದ.

"ಒಳಗೆ ಬರ್ಬೇಡಿ ಸಾಮಿ, ಹುಳ ಜ್ವರಕ್ಕೆ ಕೂತವೆ, ಪೊರೆ ಬಿಡೋ ಹೊತ್ತು."

"ನನಗೆ ಹುಳ ಬೇಡಪ್ಪಾ, ಕೋಲು ಬೇಕು."

ಹೊರಗೆ ತಂದ. ಪರದೆ ಕಟ್ಟೋ ಕೋಲಾಗಿತ್ತು. ಅರಿಶಿನ ಕುಂಕುಮ ಮೆತ್ತಿ ಜರ್ಮನ್ ಗುರುತೆಲ್ಲ ಮುಚ್ಚಿಹೋಗಿತ್ತು. "ಇದಿ ಮಾ ಲಕ್ಷ್ಮಿ ಸಾಮಿ, ನಮ್ಮನೆ ಲಕ್ಷ್ಮಿ! ಇದು ಬಂದ್ಮೇಲೇ ಗೂಡು ಗಟ್ಟಿಯಾಗಿದ್ದು. ತಗೊಂಡೋಗಿ, ಆದ್ರೆ ಒರೆಸ್ಬೇಡಿ."

ಒರೆಸದೆ ಪರೀಕ್ಷೆ ಮಾಡೋದು ಹೇಗೆ ಅಂತ ಜರ್ಮನ್ನರು ಎಲ್ಲೂ ಹೇಳಿಲ್ಲ. ಕುಂಕುಮ ಒರೆಸಿ, ಪರೀಕ್ಷೆ ಮುಗಿಸಿ, ಮತ್ತೆ ಹಚ್ಚಿ ವಾಪಸ್ ಕೊಟ್ಟೆ.

ಗುಮ್ಮಟ

ಶುಕ್ರವಾರ ಬಂತು. ಕೊಳವೆಯನ್ನು ಅಮ್ಮನ ಮನೆ ಮಾಳಿಗೆ ಮೇಲೆ ನಿಲ್ಲಿಸಿ ಕಣ್ಣಿಟ್ಟೆ. ಕೆಳಗೆ ಗುಮ್ಮಟ ನೆಟ್ಟಗಿದೆ. ಅದರ ಮೇಲೆ ಅದೇ ಗುಮ್ಮಟ ತಲೆಕೆಳಗಾಗಿ ನೇತಾಡುತ್ತಿದೆ! ಕೋಲಿನ ಗುರುತು ಬರೀ ನೆಟ್ಟಗಿನ ಗೆರೆ, ಅದು ತಲೆಕೆಳಗಾದರೂ ಗೊತ್ತಾಗಿರಲಿಲ್ಲ. ಒರೆಸೋಕೆ ಬಿಚ್ಚಿದಾಗ ಯಾವ ಗಾಜು ತಿರುಗಿಸಿ ಹಾಕಿದೆನೋ, ನನ್ನ ಕರ್ಮ!

ಮಗನೂ ನೋಡಿದ. "ಕೆಟ್ಟೋಗಿದೆ ಬಿಡಿ" ಅಂತ ಗುಜರಿಯವನಿಗೆ ಫೋನ್ ಹಚ್ಚಿದ. ನನಗೆ ಅಳುವೇ ಬಂತು.

"ತಡಿ, ನಾನು ನೋಡ್ತೀನಿ" ಅಂತ ಅಮ್ಮ ಹಣೆ ಆನಿಸಿದರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು.

"ಸರಿಯಾಗೇ ಇದೆ ಬೇಟಾ. ಇದು ಯಾವಾಗ್ಲೂ ಹಿಂಗೇ. ಕೆಳಗಿರೋದು ನೀನು, ಮೇಲೆ ತಲೆಕೆಳಗಾಗಿರೋದು ನಾನು ಅಂತಿದ್ರು ಅವ್ರು. ಈ ತಿರುಪು ತಿರುಗಿಸಿದ್ರೆ ಮೇಲಿಂದು ಜಾರ್ಕೊಂಡು ಬಂದು ತಲೆಗೆ ತಲೆ ಸೇರುತ್ತೆ. ಆಗ್ಲೇ ದೂರ ಗೊತ್ತಾಗೋದು."

ಮಗ ಫೋನ್ ಕಟ್ ಮಾಡಿದ. ಅಮ್ಮ ಮೆಲ್ಲಗೆ ತಿರುಪು ತಿರುಗಿಸಿದರು.

"ಎಷ್ಟು ದೂರ ಅಮ್ಮಾ?" ಅಂದೆ.

"ನಂಬರ್ ಕಾಣಲ್ಲ ಬೇಟಾ. ತಲೆಗೆ ತಲೆ ಸೇರ್ತು. ಇನ್ನು ನಮ್ಮಿಬ್ರ ಜಗಳ ಶುರು."