ಎಡಗೈಗೆ ನಿಂಬೆ, ಬಲಗೈಗೆ ಕಿತ್ತಳೆ

"ಈ ಬೇಸಿಗೆ ಮುಗಿಯೋದ್ರೊಳಗೆ ಪಕ್ಕದ ಏಸಿ ಸೆಲೂನಿನವನು ಅಂಗಡಿ ಖಾಲಿ ಮಾಡ್ಲಿಲ್ಲ ಅಂದ್ರೆ ನಾನು ಕತ್ತರಿ ಹಿಡಿಯೋದನ್ನೇ ಬಿಡ್ತೀನಿ!" ಎಂದು ಕ್ಷೌರಿಕ ಬೆಳಿಗ್ಗೆಯೇ ಹೆಂಡತಿಯ ಎದುರು ಘೋಷಿಸಿದ.

ಅವನ ಅಂಗಡಿಯಲ್ಲಿದ್ದದ್ದು ಒಂದು ಕುರ್ಚಿ, ಒಂದು ಕನ್ನಡಿ, ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುವ ಒಂದು ಫ್ಯಾನು. ಸೆಕೆ ಏರಿದಂತೆಲ್ಲ ಗಿರಾಕಿಗಳು ಒಬ್ಬೊಬ್ಬರಾಗಿ ಪಕ್ಕಕ್ಕೆ ಜಾರುತ್ತಿದ್ದರು. ಅದಕ್ಕೇ ಎರಡು ಸೆಂಟಿನ ಬಾಟಲಿ ತಂದಿದ್ದ. ಒಂದು ನಿಂಬೆಯದು, ಇನ್ನೊಂದು ಕಿತ್ತಳೆಯದು. ಪರೀಕ್ಷೆಯಲ್ಲಿ ಗೆದ್ದದ್ದನ್ನು ಬೇಸಿಗೆಯಿಡೀ ಗಿರಾಕಿಗಳ ಕತ್ತಿಗೆ ಸಿಂಪಡಿಸುವುದು. ಏಸಿಗೆ ಸುಗಂಧದ ಸವಾಲು!

"ಒಂದ್ಸಲ ಮೂಸಿದ್ರೆ ಗೊತ್ತಾಗಲ್ವೇನ್ರೀ?"

"ಅಷ್ಟು ಸುಲಭ ಅಲ್ಲ ಕಣೇ. ನಿಂಬೆ ಓಡೋಡಿ ಬಂದು ಮೂಗಿಗೆ ಚುರುಕ್ ಅನ್ನಿಸಿ, ಹೇಳದೆ ಕೇಳದೆ ಹೋಗಿಬಿಡತ್ತೆ. ಕಿತ್ತಳೆ ನಿಧಾನಕ್ಕೆ ಬರತ್ತೆ. ಬಂದು ಕೂತ್ರೆ ನಿನ್ನ ಚಿಕ್ಕಮ್ಮನ ಥರ, ಏಳೋದೇ ಇಲ್ಲ."

"ನಿಮ್ಮಕ್ಕನ ಥರ ಅನ್ನಿ!"

ಪರೀಕ್ಷೆಗೆ ಸಿಕ್ಕಿದವನು ಅವಳ ತಮ್ಮ. ಮರುದಿನ ಹೋಟೆಲೊಂದರಲ್ಲಿ ಬಾಗಿಲು ಕಾಯುವ ಕೆಲಸಕ್ಕೆ ಸೇರಬೇಕಿದ್ದವನು ಅಂದವಾಗಿ ಕಾಣಲೆಂದು ಬಂದಿದ್ದ. ಕ್ಷೌರಿಕ ಎಡಗೈಗೆ ನಿಂಬೆ, ಬಲಗೈಗೆ ಕಿತ್ತಳೆ ಬಳಿದುಕೊಂಡು ಬೆನ್ನ ಹಿಂದೆ ನಿಂತ. ಬಾಯಿಬಿಟ್ಟು ಕೇಳುವಂತಿಲ್ಲ. ಬಾಮೈದನ ತಲೆ ತಾನಾಗಿ ಎತ್ತ ವಾಲುತ್ತದೋ ಅತ್ತಲೇ ಗೆಲುವು!

ಕತ್ತರಿ ಆಡಿದ್ದೇ ತಡ, ತಲೆ ಬಲಕ್ಕೆ ವಾಲಿತು. ಕಿತ್ತಳೆ! ಆ ಸಂಭ್ರಮದಲ್ಲಿ ಬಲಗಿವಿಯ ಮೇಲಿನ ಒಂದು ಹಿಡಿ ಕೂದಲು ಹೋಯಿತು.

"ಭಾವ, ಏನೋ ಜಾಸ್ತಿ ಹೋದ ಹಾಗಾಯ್ತು!"

"ಸುಮ್ನಿರೋ, ಸಮ ಮಾಡ್ತೀನಿ."

ಆದರೂ ಕ್ಷೌರಿಕ ನ್ಯಾಯವಂತ. ಕೈ ತೊಳೆದು ಬಂದು ಬಾಟಲಿ ಅದಲುಬದಲು ಮಾಡಿಕೊಂಡ. ತಲೆ ಮತ್ತೆ ಬಲಕ್ಕೇ! ಈಗ ನಿಂಬೆ ಗೆದ್ದಿತು, ಎಡಗಡೆ ಗಿಡ್ಡವಾಯಿತು. ಪಂದ್ಯ ಸಮ, ತಲೆ ಸಮವಿಲ್ಲ! ಮತ್ತೆ ತೊಳೆದ, ಮತ್ತೆ ಬಳಿದ, ಮತ್ತೆ ಕತ್ತರಿಸಿದ. ತೀರ್ಪು ಬರುವುದರೊಳಗೆ ಕೂದಲೇ ಮುಗಿದುಹೋಯಿತು.

ಊಟದ ಡಬ್ಬಿ ಹಿಡಿದು ಬಂದ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು. "ಅಯ್ಯೋ, ಇದೇನ್ರೀ ನನ್ನ ತಮ್ಮನ ಗತಿ?"

"ಹೋಟೆಲಿನವರು ಟೋಪಿ ಕೊಡ್ತಾರೆ ಬಿಡೇ."

"ಅವರು ಯಾಕೆ ಕೊಡ್ಬೇಕು? ನೀವೇ ಹಾಕಿದ್ದೀರಲ್ಲ!"

ಕ್ಷೌರಿಕ ಜಗ್ಗಲಿಲ್ಲ. ಬಾಮೈದನ ಭುಜ ಹಿಡಿದು ಕೇಳಿದ: "ಇರ್ಲಿ, ನಿಜ ಹೇಳೋ. ಯಾವ ವಾಸನೆಗೆ ಹಾಗೆ ವಾಲ್ತಿದ್ದೆ?"

"ವಾಸನೆಯಾ? ನಿನ್ನೆಯಿಂದ ನೆಗಡಿ ಭಾವ, ಮೂಗೇ ಕಟ್ಟಿದೆ. ಪಕ್ಕದ ಅಂಗಡಿ ಬಾಗಿಲು ತೆಗೆದಾಗೆಲ್ಲ ನಿಮ್ಮ ಈ ಬಲಗಡೆ ಬಾಗಿಲಿಂದ ತಣ್ಣನೆ ಗಾಳಿ ಬರ್ತಿತ್ತು. ಆಹಾ, ಏನು ಸುಖ ಅಂತೀರಾ!"

ಹೆಂಡತಿ ಡಬ್ಬಿ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಕ್ಷೌರಿಕ ಎರಡೂ ಬಾಟಲಿಗಳ ಮುಚ್ಚಳ ಬಿಗಿದ. ಆಮೇಲೆ ಹಲ್ಲು ಕಚ್ಚಿ, ಇದ್ದೊಂದು ಕುರ್ಚಿಯನ್ನು ದರದರ ಎಳೆದುಕೊಂಡು ಹೋಗಿ ತಣ್ಣನೆ ಗಾಳಿ ಬರುವ ಆ ಬಲಗಡೆಯ ಬಾಗಿಲಿಗೆ ಅಂಟಿಸಿ ನಿಲ್ಲಿಸಿದ.